ಮೂಟೆಗೆ ಸುರಿದ ಹಣ ಮಣ್ಣಿಗೆ ಬರಲಿ

(ವಿದ್ಯಾರ್ಥಿ ನಿಲಯದ ಅಧ್ಯಯನ ಶಿಬಿರದಲ್ಲಿ ಆಡಿದ ಮಾತುಗಳ ಬರಹರೂಪ)



ಈ ಶಿಬಿರದಲ್ಲಿ ನಮಗೆ ಕೊಟ್ಟಿರೋ ವಿಷಯ ‘ಕೃಷಿ ಸಹಾಯಧನ ಮತ್ತು ಪರಿಸರ’. ನಿನ್ನೆ ರಾತ್ರಿ ಊಟದ ಸಾಲಿನಲ್ಲಿ ತಟ್ಟೆ ಹಿಡಿದು ನಿಂತಿದ್ದಾಗ ಪಿಯುಸಿ ಓದೋ ಒಬ್ಬ ತಮ್ಮ ಕೇಳಿದ: “ಅಣ್ಣಾ, ಇಲ್ಲಿರೋರಲ್ಲಿ ಎಷ್ಟು ಜನಕ್ಕೆ ಭೂಮಿ ಇದೆ? ಸಬ್ಸಿಡಿ ಮಾತು ನಮಗ್ಯಾಕೆ? ಜಮೀನಿರೋರ ಮಕ್ಕಳ ಮುಂದೆ ಆಡೋ ಮಾತಲ್ಲವಾ ಅದು?”

ಕೇಳಬೇಕಾದ ಪ್ರಶ್ನೆಯನ್ನೇ ಆ ತಮ್ಮ ಕೇಳಿದ. ನಮಗೂ ರಾತ್ರಿಯೆಲ್ಲ ಅದೇ ಯೋಚನೆ. ನಾವು ಬೇಸಾಯ ಶಾಸ್ತ್ರ ಓದಿದವರಲ್ಲ. ಕನ್ನಡ, ಚರಿತ್ರೆ, ಸಮಾಜಶಾಸ್ತ್ರ ಓದಿ, ನಾಲ್ಕು ಪದ್ಯ ಬರೆದುಕೊಂಡು ತಿರುಗೋರು. ಆದರೆ ಬೇಸಾಯ ಅಂದರೆ ಏನು ಅಂತ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ನಮ್ಮ ಅವ್ವಂದಿರ ಬೆನ್ನು ನೋಡಿದರೆ ಸಾಕು. ಗದ್ದೆಯ ನಾಟಿಯಿಂದ, ರಾಗಿ ಹೊಲದ ಕಳೆಯಿಂದ, ಟೊಮೆಟೊ ತೋಟದ ಕೂಲಿಯಿಂದ ಬಗ್ಗಿದ ಬೆನ್ನುಗಳು ಅವು. ಭೂಮಿಯ ಯಜಮಾನಿಕೆ ನಮಗೆ ಬರಲಿಲ್ಲ, ದುಡಿಮೆ ಮಾತ್ರ ಬಂತು. ಹಾಗಾಗಿ ಆ ಭೂಮಿಗೆ ಸರ್ಕಾರ ಸುರಿಯೋ ಹಣ ಎಲ್ಲಿಗೆ ಹೋಗುತ್ತದೆ, ಅದರಿಂದ ಮಣ್ಣಿಗೆ ಏನಾಯಿತು, ನಮಗೆ ಏನು ಬಂತು ಅಂತ ಕೇಳೋ ಹಕ್ಕು ಎಲ್ಲರಿಗಿಂತ ಮೊದಲು ನಮ್ಮದು.

ನಮ್ಮ ಹಳ್ಳಿಗಳ ಕಡೆ ಯೂರಿಯಾಕ್ಕೆ ‘ಸರ್ಕಾರಿ ಗೊಬ್ಬರ’ ಅಂತ ಹೆಸರು. ತಿಪ್ಪೆಯಿಂದ ಬಂದದ್ದು ಬರೀ ಗೊಬ್ಬರ, ಅಂಗಡಿಯಿಂದ ಬಂದದ್ದು ಸರ್ಕಾರಿ ಗೊಬ್ಬರ. ಅಕ್ಷರ ಬಾರದ ನಮ್ಮ ಅಜ್ಜಂದಿರು ಇಟ್ಟ ಹೆಸರಿದು. ಆದರೆ ಅದರಲ್ಲಿ ಅರ್ಥಶಾಸ್ತ್ರ ಇದೆ. ಬೇವು ಲೇಪಿಸಿದ ಯೂರಿಯಾದ 45 ಕಿಲೋ ಮೂಟೆಯ ಬೆಲೆ 266 ರೂಪಾಯಿ 50 ಪೈಸೆ. ಅದರ ನಿಜವಾದ ಖರ್ಚು ಇದರ ಹಲವು ಪಟ್ಟು. ಉಳಿದದ್ದನ್ನು ಸರ್ಕಾರ ಕಾರ್ಖಾನೆಗಳಿಗೆ ಕಟ್ಟಿಕೊಡುತ್ತದೆ. ದೇಶದ ರಸಗೊಬ್ಬರ ಸಹಾಯಧನ 2022-23ರಲ್ಲಿ ಎರಡು ಲಕ್ಷ ಕೋಟಿ ರೂಪಾಯಿ ದಾಟಿತು. ಎರಡು ಲಕ್ಷ ಕೋಟಿ! ಬರೆದು ನೋಡಿದರೆ ಸೊನ್ನೆ ಎಣಿಸೋದರಲ್ಲೇ ಬೆಳಗಾಗುತ್ತೆ.

ಈ ಎರಡು ಲಕ್ಷ ಕೋಟಿಯಲ್ಲಿ ನಮ್ಮ ಕೇರಿಗೆ ಬಂದ ಪಾಲು ಯಾವುದು ಗೊತ್ತಾ? ಖಾಲಿ ಚೀಲ. ತಮಾಷೆಗೆ ಹೇಳುತ್ತಿಲ್ಲ. ಗೌಡರ ಹೊಲಕ್ಕೆ ಯೂರಿಯಾ ಎರಚಿ ಬಂದ ಅಪ್ಪ ಸಂಜೆ ಖಾಲಿ ಚೀಲ ತರುತ್ತಿದ್ದ. ಅದೇ ನಮಗೆ ಮಳೆಗಾಲದ ಗೊಪ್ಪೆ, ಅದೇ ಮಲಗೋ ಚಾಪೆ, ಅದನ್ನೇ ಹೊಲಿದರೆ ಶಾಲೆಯ ಪುಸ್ತಕದ ಚೀಲ. ಇಲ್ಲಿ ಕೂತಿರೋ ನಿಮ್ಮಲ್ಲಿ ಎಷ್ಟೋ ಜನ ಅಂಥ ಚೀಲ ಹೊತ್ತೇ ಒಂದನೇ ಕ್ಲಾಸಿಗೆ ಹೋದವರು. ಚೀಲದೊಳಗಿನ ಹಣ ಯಾರ ಹೊಲಕ್ಕೋ ಹೋಯಿತು, ಚೀಲ ನಮ್ಮ ತಲೆ ಮೇಲೆ ಬಂತು.

ಈಗ ಮಣ್ಣಿಗೆ ಏನಾಯಿತು ನೋಡೋಣ. ಬೆಳೆಗೆ ಸಾರಜನಕ, ರಂಜಕ, ಪೊಟ್ಯಾಷ್ ಮೂರೂ ಬೇಕು. ನಮ್ಮ ದೇಶದಲ್ಲಿ ಅದಕ್ಕೆ 4:2:1 ಅಂತ ಒಂದು ಲೆಕ್ಕ ಹೇಳುತ್ತಾ ಬಂದಿದ್ದಾರೆ. 1992ರಲ್ಲಿ ಸರ್ಕಾರ ರಂಜಕ, ಪೊಟ್ಯಾಷ್ ಗೊಬ್ಬರಗಳ ಬೆಲೆ ನಿಯಂತ್ರಣ ತೆಗೆದುಹಾಕಿತು, ಯೂರಿಯಾದ್ದು ಮಾತ್ರ ಉಳಿಸಿಕೊಂಡಿತು. 2010ರಲ್ಲಿ ಪೋಷಕಾಂಶದ ಆಧಾರದ ಮೇಲೆ ಸಹಾಯಧನ ಕೊಡ್ತೀವಿ ಅಂತ ಹೊಸ ಪದ್ಧತಿ ತಂದಾಗಲೂ ಯೂರಿಯಾ ಅದರ ಹೊರಗೇ ಉಳಿಯಿತು. ಒಂದು ಗೊಬ್ಬರ ಅಗ್ಗ, ಉಳಿದವು ತುಟ್ಟಿ ಆದರೆ ರೈತ ಏನು ಮಾಡ್ತಾನೆ? ಅಗ್ಗದ್ದನ್ನೇ ಸುರೀತಾನೆ. ಅದು ಅವನ ದಡ್ಡತನ ಅಲ್ಲ. ಸರ್ಕಾರ ಬೆಲೆಯ ಬಾಯಲ್ಲಿ ಹೇಳಿದ ಮಾತನ್ನು ಅವನು ಕೇಳಿದ, ಅಷ್ಟೆ. ಒಂದು ಕಡೆ ಕೃಷಿ ಅಧಿಕಾರಿ ಬಂದು ‘ಮಣ್ಣು ಪರೀಕ್ಷೆ ಮಾಡಿಸಿ, ಯೂರಿಯಾ ಕಡಿಮೆ ಹಾಕಿ’ ಅಂತ ಭಾಷಣ ಮಾಡ್ತಾರೆ. ಇನ್ನೊಂದು ಕಡೆ ಮೂಟೆಯ ಬೆಲೆ ‘ಇನ್ನೂ ಹಾಕು, ಇನ್ನೂ ಹಾಕು’ ಅನ್ನುತ್ತೆ. ಭಾಷಣಕ್ಕಿಂತ ಬೆಲೆಯ ದನಿ ದೊಡ್ಡದು.

ಬೆಳೆ ಹೀರಿ ಉಳಿದ ಸಾರಜನಕ ಎಲ್ಲಿ ಹೋಗುತ್ತೆ? ಒಂದಷ್ಟು ನೈಟ್ರೇಟ್ ಆಗಿ ಕೆಳಗಿಳಿದು ಕುಡಿಯೋ ನೀರು ಸೇರುತ್ತೆ. ಒಂದಷ್ಟು ನೈಟ್ರಸ್ ಆಕ್ಸೈಡ್ ಅನ್ನೋ ಅನಿಲವಾಗಿ ಮೇಲೇಳುತ್ತೆ. ತೂಕಕ್ಕೆ ತೂಕ ಇಟ್ಟರೆ ಅದು ಇಂಗಾಲದ ಡೈ ಆಕ್ಸೈಡಿಗಿಂತ ಸುಮಾರು 270 ಪಟ್ಟು ಭೂಮಿಯನ್ನು ಬಿಸಿ ಮಾಡೋ ಅನಿಲ. ತಿಪ್ಪೆ ಗೊಬ್ಬರ, ಹೊಂಗೆ ಸೊಪ್ಪು, ಕೆರೆಗೋಡು ಬೀಳದ ಹೊಲದ ಮಣ್ಣು ತನ್ನ ಜೀವಾಂಶ ಕಳೆದುಕೊಂಡು ನೀರು ಹಿಡಿದಿಟ್ಟುಕೊಳ್ಳೋ ಶಕ್ತಿಯನ್ನೂ ಕಳೆದುಕೊಳ್ಳುತ್ತೆ.

ನೀರಿನದ್ದೂ ಇದೇ ಕತೆ. ನಮ್ಮ ರಾಜ್ಯದಲ್ಲಿ 10 ಎಚ್.ಪಿ. ತನಕದ ನೀರಾವರಿ ಪಂಪ್‌ಸೆಟ್ಟಿಗೆ ಕರೆಂಟು ಪುಕ್ಕಟೆ. ಬಡ ರೈತನಿಗೆ ಆಸರೆಯಾಗಲಿ ಅಂತ ತಂದದ್ದು, ಅದನ್ನು ನಾವು ಹೀಯಾಳಿಸೋದಿಲ್ಲ. ಆದರೆ ಕೋಲಾರ, ಚಿಕ್ಕಬಳ್ಳಾಪುರದ ಸೀಮೆ ನೋಡಿ. ವರ್ಷವಿಡೀ ಹರಿಯೋ ಒಂದು ನದಿ ಇಲ್ಲ. ಕೆರೆಗಳನ್ನೇ ನಂಬಿ ಬದುಕಿದ ನಾಡು. ಅಲ್ಲಿ ಕೊಳವೆಬಾವಿ ಸಾವಿರ ಅಡಿ ದಾಟಿ ಇಳಿದಿವೆ. ಆಳ ಹೋದಷ್ಟೂ ನೀರಿನಲ್ಲಿ ಫ್ಲೋರೈಡ್. ಬೋರು ಆಳಕ್ಕೆ ಹೋದಾಗ ಮೊದಲು ಒಣಗೋದು ಯಾರ ಬಾವಿ? ಕೇರಿಯ ಸೇದೋ ಬಾವಿ, ಕೇರಿಯ ಕೈಪಂಪು. ಬೋರು ಇದ್ದವನಿಗೆ ಕರೆಂಟು ಪುಕ್ಕಟೆ, ಬೋರೇ ಇಲ್ಲದವನಿಗೆ ಎರಡು ಮೈಲಿ ಬಿಂದಿಗೆ.

ಇನ್ನು ಔಷಧಿ ಹೊಡೆಯೋ ಕೆಲಸ. ಬೆನ್ನ ಮೇಲೆ ಡಬ್ಬ ಹೊತ್ತು, ಮೂಗಿಗೆ ಟವೆಲ್ಲು ಕಟ್ಟಿ, ಬರಿಗಾಲಲ್ಲಿ ಸಾಲು ಸಾಲು ನಡೆಯೋನು ಜಮೀನಿನ ಯಜಮಾನ ಅಲ್ಲ. 2017ರಲ್ಲಿ ಮಹಾರಾಷ್ಟ್ರದ ಯವತಮಾಳದಲ್ಲಿ ಹತ್ತಿಗೆ ಔಷಧಿ ಹೊಡೆಯೋಕೆ ಹೋಗಿ ಇಪ್ಪತ್ತಕ್ಕೂ ಹೆಚ್ಚು ರೈತರು, ಕೂಲಿಗಳು ಸತ್ತರು. ನೂರಾರು ಜನ ಆಸ್ಪತ್ರೆ ಸೇರಿದರು. ಪರಿಸರ ಅಂದರೆ ಹುಲಿ, ಕಾಡು, ಬೆಟ್ಟ ಮಾತ್ರ ಅಂತ ಪಟ್ಟಣದವರು ತಿಳಿದಿದ್ದಾರೆ. ನಮಗೆ ಪರಿಸರ ಅಂದರೆ ನಮ್ಮ ಅಪ್ಪಂದಿರ ಶ್ವಾಸಕೋಶ. ಹೊಲ ವಿಷವಾದರೆ ಆ ವಿಷ ಮೊದಲು ನಮ್ಮ ಮೈಗೇ ಇಳಿಯೋದು. ಆದ್ದರಿಂದ ವಿಷವಿಲ್ಲದ ಬೆಳೆ ಬೆಳೆಯೋದು ಉಳ್ಳವರ ಆರೋಗ್ಯದ ಚಟ ಅಂತ ನಾವು ಕೈಬಿಡೋ ಹಾಗಿಲ್ಲ.

ಹಾಗಾದರೆ ಸಹಾಯಧನ ಕೆಟ್ಟದ್ದೇ? ಅಲ್ಲ. ‘ಸಬ್ಸಿಡಿಗಳನ್ನೆಲ್ಲ ಕಿತ್ತುಹಾಕಿ, ಮಾರುಕಟ್ಟೆಗೆ ಬಿಡಿ’ ಅಂತ ಪೇಟೆಯ ಪಂಡಿತರು ಪತ್ರಿಕೆಗಳಲ್ಲಿ ಬರೀತಾರೆ. ಅವರ ಜೊತೆ ನಾವಿಲ್ಲ. ವಿದ್ಯಾರ್ಥಿ ವೇತನ, ಹಾಸ್ಟೆಲ್ಲು, ನ್ಯಾಯಬೆಲೆ ಅಂಗಡಿ ಇವುಗಳ ಋಣದಲ್ಲಿ ಬದುಕಿದ ನಾವು ಸರ್ಕಾರದ ಹಣವನ್ನೇ ಬೇಡ ಅಂದರೆ ನಮ್ಮ ಕಾಲನ್ನೇ ನಾವು ಕಡಿದುಕೊಂಡ ಹಾಗೆ. ಹಣಕ್ಕೆ ಮಣ್ಣನ್ನು ಕೆಡಿಸೋ ಶಕ್ತಿ ಇದ್ದರೆ ಮಣ್ಣನ್ನು ಉಳಿಸೋ ಶಕ್ತಿಯೂ ಇದೆ. ಅದನ್ನು ಯಾವುದರ ಮೇಲೆ ಸುರೀತೀರಿ, ಯಾರ ಕೈಗೆ ಕೊಡ್ತೀರಿ ಅನ್ನೋದಷ್ಟೇ ಪ್ರಶ್ನೆ.

ಒಂದು ಉದಾಹರಣೆ ಹರಿಯಾಣದ್ದು. ಅಲ್ಲಿ ಭತ್ತ ಬೆಳೆದು ಬೆಳೆದು ಅಂತರ್ಜಲ ಪಾತಾಳಕ್ಕೆ ಹೋಯಿತು. 2020ರಲ್ಲಿ ಅಲ್ಲಿನ ಸರ್ಕಾರ ‘ಭತ್ತ ಬಿಟ್ಟು ಬೇರೆ ಬೆಳೆ ಬೆಳೆಯಿರಿ, ಎಕರೆಗೆ 7,000 ರೂಪಾಯಿ ಕೊಡ್ತೀವಿ’ ಅಂತ ಯೋಜನೆ ತಂತು. ಯೋಚನೆ ಒಳ್ಳೆಯದೇ. ಆದರೆ ರೈತ ಕೇಳೋದು ಒಂದೇ ಮಾತು: ‘ಬೆಳೆದದ್ದನ್ನು ಕೊಳ್ಳೋರು ಯಾರು?’ ಭತ್ತ, ಗೋಧಿಯನ್ನು ಮಂಡಿಯಲ್ಲಿ ಸರ್ಕಾರ ಎದುರು ನಿಂತು ಕೊಳ್ಳುತ್ತೆ. ಜೋಳ, ಬೇಳೆಯ ಖರೀದಿ ಅಷ್ಟು ಗಟ್ಟಿಯಲ್ಲ. ಏಳು ಸಾವಿರ ಯೋಜನೆ ಇರೋ ತನಕದ ಮಾತು, ಭತ್ತದ ಖರೀದಿ ವರ್ಷ ವರ್ಷದ ಮಾತು. ಬಿತ್ತೋಕೆ ಕೊಡೋ ಹಣಕ್ಕಿಂತ ಬೆಳೆದದ್ದನ್ನು ಕೊಳ್ಳೋ ಹಣಕ್ಕೆ ಬಲ ಹೆಚ್ಚು. ಇದು ಮೊದಲ ಪಾಠ.

ನಮ್ಮ ಕರ್ನಾಟಕಕ್ಕೆ ಬನ್ನಿ. 2019-20ರಲ್ಲಿ ‘ರೈತಸಿರಿ’ ಯೋಜನೆ ಬಂತು. ನವಣೆ, ಸಾಮೆ, ಹಾರಕ, ಊದಲು, ಕೊರಲೆ, ಬರಗು ಬೆಳೆಯೋರಿಗೆ ಹೆಕ್ಟೇರಿಗೆ 10,000 ರೂಪಾಯಿ, ಎರಡು ಹೆಕ್ಟೇರ್ ತನಕ. ಮಳೆಯನ್ನೇ ನಂಬಿ ಬೆಳೆಯೋ ಬೆಳೆಗಳು ಇವು. ಸರ್ಕಾರಿ ಗೊಬ್ಬರ ಕಡಿಮೆ, ಔಷಧಿ ಕಡಿಮೆ, ಬೋರು ಬೇಡ. ಸರ್ಕಾರ ಮೂಟೆಗೆ ಅಲ್ಲದೆ ಬೆಳೆಗೇ ಹಣ ಕೊಟ್ಟ ಅಪರೂಪದ ಯೋಜನೆ ಇದು. ಇದನ್ನು ನಾವು ಮೆಚ್ಚಬೇಕು. ಆದರೆ ಲೆಕ್ಕ ಹಾಕಿ. ಹೆಕ್ಟೇರಿಗೆ ಹತ್ತು ಸಾವಿರ ಅಂದರೆ ಎಕರೆಗೆ ನಾಲ್ಕು ಸಾವಿರ. ನಮ್ಮವರಲ್ಲಿ ಭೂಮಿ ಇದ್ದವರಿಗೆ ಇರೋದು ಇಪ್ಪತ್ತು ಗುಂಟೆ, ಮೂವತ್ತು ಗುಂಟೆ. ಇಪ್ಪತ್ತು ಗುಂಟೆಗೆ ಎರಡು ಸಾವಿರ. ಕೆಲವು ದಿನದ ಕೂಲಿಗೆ ಮುಗಿದು ಹೋಗೋ ಹಣ. ಬೆಳೆದ ಮೇಲೆ ಮಾರೋದೆಲ್ಲಿ? ಕೇಂದ್ರ ಸರ್ಕಾರ ಬೆಂಬಲ ಬೆಲೆ ಕಟ್ಟೋದು ಜೋಳ, ಸಜ್ಜೆ, ರಾಗಿಗೆ. ನವಣೆ, ಸಾಮೆ, ಹಾರಕ ಆ ಪಟ್ಟಿಯಲ್ಲೇ ಇಲ್ಲ. ಛತ್ತೀಸ್‌ಗಢ ರಾಜ್ಯ 2021ರಲ್ಲಿ ಹಾರಕ, ಸಾಮೆಗಳಿಗೆ ತಾನೇ ಬೆಲೆ ಕಟ್ಟಿ ಕೊಳ್ಳೋಕೆ ಹೊರಟಿತು. ಅಂದರೆ ಮನಸ್ಸಿದ್ದರೆ ಆಗುತ್ತೆ.

ರಾಗಿಯ ಕತೆ ಸ್ವಲ್ಪ ವಾಸಿ. 2025-26ಕ್ಕೆ ರಾಗಿಯ ಬೆಂಬಲ ಬೆಲೆ ಕ್ವಿಂಟಾಲಿಗೆ 4,886 ರೂಪಾಯಿ, ಸಾಮಾನ್ಯ ಭತ್ತಕ್ಕೆ 2,369. ದೇಶದಲ್ಲೇ ಹೆಚ್ಚು ರಾಗಿ ಬೆಳೆಯೋ ನಾಡು ನಮ್ಮದು. ಸರ್ಕಾರ ಬೆಂಬಲ ಬೆಲೆಗೆ ರಾಗಿ ಕೊಂಡು ನ್ಯಾಯಬೆಲೆ ಅಂಗಡಿಯಲ್ಲಿ ಕೊಟ್ಟಿದೆ. ಕೊಂಡಾಗ ರೈತ ರಾಗಿ ಬಿತ್ತಿದ್ದಾನೆ. ಇಲ್ಲೂ ಅದೇ ಪಾಠ.

ಇಲ್ಲಿ ಇನ್ನೊಂದು ಮಾತು ಹೇಳಲೇಬೇಕು. ನಮ್ಮ ಅಜ್ಜಿಯರು ಸಾಮೆ, ಹಾರಕ ತಿಂದಾಗ ಅದರ ಹೆಸರು ‘ತೃಣಧಾನ್ಯ’. ತೃಣ ಅಂದರೆ ಹುಲ್ಲು. ಹುಲ್ಲು ತಿನ್ನೋರು ಅಂತಲೇ ಅರ್ಥ. ಇವತ್ತು ಬೆಂಗಳೂರಿನ ಹವಾನಿಯಂತ್ರಿತ ಅಂಗಡಿಯಲ್ಲಿ ಅದೇ ಕಾಳು ‘ಸಿರಿಧಾನ್ಯ’. 2023ನ್ನು ವಿಶ್ವಸಂಸ್ಥೆ ಸಿರಿಧಾನ್ಯಗಳ ವರ್ಷ ಅಂತ ಆಚರಿಸಿತು. ಸಂತೋಷ. ಬಡವನ ಬಾಯಲ್ಲಿದ್ದಾಗ ತೃಣ, ಶ್ರೀಮಂತನ ಡಬ್ಬಿಗೆ ಬಿದ್ದ ಮೇಲೆ ಸಿರಿ. ಕಾಳು ಅದೇ, ತಿನ್ನೋ ಬಾಯಿ ಬದಲಾಯಿತು. ಹಾಗೇ ಅಕ್ಕಿಯನ್ನೂ ನಾವು ಹೀಗಳೆಯೋದಿಲ್ಲ. ಹಬ್ಬಕ್ಕೆ ಮಾತ್ರ ಅನ್ನ ಕಂಡವರ ಮೊಮ್ಮಕ್ಕಳು ನಾವು. ‘ನೀವು ಮುದ್ದೆ ತಿನ್ನಿ, ಪರಿಸರಕ್ಕೆ ಒಳ್ಳೇದು’ ಅಂತ ಸಣ್ಣಕ್ಕಿ ಉಣ್ಣೋರು ನಮಗೆ ಹೇಳೋ ಉಪದೇಶವೂ ಬೇಡ. ರಾಗಿಯಲ್ಲಿ ನೂರು ಗ್ರಾಮಿಗೆ ಸುಮಾರು 350 ಮಿಲಿಗ್ರಾಂ ಸುಣ್ಣದಂಶ ಇದೆ, ಅಕ್ಕಿಗೆ ಅದು ಹತ್ತಿರಕ್ಕೂ ಬರೋದಿಲ್ಲ. ಬೆಳೆಯೋ ವಯಸ್ಸಿನ ಮೂಳೆಗೆ ಬೇಕು ಅಂತ ನಾವೇ ತಿಳಿದು, ನಾವೇ ಕೇಳಿ ತಿನ್ನೋಣ.

ಈಗ ಆ ತಮ್ಮನ ಪ್ರಶ್ನೆಗೆ ಬರೋಣ. ಸಹಾಯಧನದ ಬಾಗಿಲಲ್ಲಿ ಒಂದು ಕಾಗದ ಕಾವಲು ನಿಂತಿದೆ. ಅದರ ಹೆಸರು ಪಹಣಿ. ರೈತಸಿರಿಗೆ ಪಹಣಿ. ಬಿತ್ತನೆ ಬೀಜಕ್ಕೆ ಪಹಣಿ. 2019ರಲ್ಲಿ ಬಂದ ವರ್ಷಕ್ಕೆ 6,000 ರೂಪಾಯಿಯ ಪಿಎಂ ಕಿಸಾನ್ ಹಣಕ್ಕೂ ಪಹಣಿ. ಪರಿಶಿಷ್ಟ ಜಾತಿಯವರಿಗೆ ಕೃಷಿ ಯಂತ್ರಕ್ಕೆ ಶೇಕಡಾ 90 ರಿಯಾಯಿತಿ, ಕೃಷಿ ಭಾಗ್ಯದ ಹೊಂಡಕ್ಕೆ ಶೇಕಡಾ 90 ರಿಯಾಯಿತಿ ಅಂತ ಕಚೇರಿಯ ಗೋಡೆ ಮೇಲೆ ಬರೆದಿದ್ದನ್ನು ನಾವು ಓದಿದ್ದೇವೆ. ತೊಂಬತ್ತು ಭಾಗ ಅಂದರೆ ದೊಡ್ಡ ಮಾತು. ಆದರೆ ಭೂಮಿಯೇ ಇಲ್ಲದವನಿಗೆ ತೊಂಬತ್ತು ಭಾಗ ಅಂದರೆ ಸೊನ್ನೆಯ ತೊಂಬತ್ತು ಭಾಗ.

2011ರ ಜನಗಣತಿ ಪ್ರಕಾರ ದೇಶದ ಜನಸಂಖ್ಯೆಯಲ್ಲಿ ಪರಿಶಿಷ್ಟ ಜಾತಿಯವರು ಶೇಕಡಾ 16.6, ನಮ್ಮ ರಾಜ್ಯದಲ್ಲಿ ಶೇಕಡಾ 17ರ ಮೇಲೆ. 2015-16ರ ಕೃಷಿ ಗಣತಿ ಪ್ರಕಾರ ದೇಶದ ಸಾಗುವಳಿ ಭೂಮಿಯಲ್ಲಿ ನಮ್ಮವರ ಕೈಲಿರೋದು ಶೇಕಡಾ 9ಕ್ಕಿಂತ ಕಡಿಮೆ. ಅದರಲ್ಲೂ ಎಷ್ಟೋ ಪಹಣಿ ಸತ್ತುಹೋದ ತಾತನ ಹೆಸರಲ್ಲೇ ಇವೆ, ಪೌತಿ ಖಾತೆ ಆಗಿಲ್ಲ. ವಾರಕ್ಕೆ, ಗುತ್ತಿಗೆಗೆ ಮಾಡೋರ ಹೆಸರಂತೂ ಯಾವ ಪುಸ್ತಕದಲ್ಲೂ ಇರೋದಿಲ್ಲ. ಬಿತ್ತೋನು ಒಬ್ಬ, ಸಬ್ಸಿಡಿ ತಗೊಳ್ಳೋನು ಇನ್ನೊಬ್ಬ. ಅವನು ಊರಲ್ಲೇ ಇರೋದಿಲ್ಲ, ಪೇಟೆಯಲ್ಲಿ ಮನೆ ಕಟ್ಟಿಕೊಂಡಿರ್ತಾನೆ.

ಇದು ನಮ್ಮ ನ್ಯಾಯದ ಪ್ರಶ್ನೆ ಮಾತ್ರ ಅಲ್ಲ, ಪರಿಸರದ ಪ್ರಶ್ನೆಯೂ ಹೌದು. ಮಣ್ಣಿಗೆ ಗೊಬ್ಬರ ಹೊರೋನು, ಸೊಪ್ಪು ತುಳಿಯೋನು, ಬದು ಹಾಕೋನು ಯಾರೋ ಅವನ ಕೈಗೆ ಹಣ ಹೋಗದಿದ್ದರೆ ಮಣ್ಣು ಉಳಿಯೋದಿಲ್ಲ. ಮುಂದಿನ ವರ್ಷ ಈ ಹೊಲ ನನ್ನ ಕೈಲಿರುತ್ತೋ ಇಲ್ಲವೋ ಅಂತ ಗೊತ್ತಿಲ್ಲದ ಗೇಣಿದಾರ ಮೂರು ವರ್ಷದಲ್ಲಿ ಫಲ ಕೊಡೋ ತಿಪ್ಪೆ ಗೊಬ್ಬರ ಯಾಕೆ ಹಾಕ್ತಾನೆ? ಮೂರು ವಾರದಲ್ಲಿ ಹಸಿರು ತೋರಿಸೋ ಯೂರಿಯಾನೇ ಹಾಕ್ತಾನೆ. ಭೂಮಿಯ ಭದ್ರತೆ ಇಲ್ಲದ ಕಡೆ ಮಣ್ಣಿನ ಭದ್ರತೆ ಇರೋದಿಲ್ಲ.

ಪಹಣಿ ಇಲ್ಲದವರಿಗೆ ಕೊಡೋಕೆ ಆಗಲ್ಲ ಅಂತಾರೆ. ಆಗುತ್ತೆ. ಒಡಿಶಾ ಸರ್ಕಾರ 2018ರ ಕೊನೆಯಲ್ಲಿ ಘೋಷಿಸಿದ ‘ಕಾಲಿಯಾ’ ಯೋಜನೆಯಲ್ಲಿ ಪಾಲುಗಾರರನ್ನೂ ಭೂಹೀನ ಕೂಲಿ ಕುಟುಂಬಗಳನ್ನೂ ಸೇರಿಸಿತು. ಆಂಧ್ರದಲ್ಲಿ 2019ರಲ್ಲಿ ಸಾಗುವಳಿದಾರರ ಹಕ್ಕಿಗೆ ಕಾಯ್ದೆಯನ್ನೇ ಮಾಡಿ ಗುತ್ತಿಗೆದಾರರಿಗೆ ಕಾರ್ಡು ಕೊಟ್ಟರು. ಪಕ್ಕದ ರಾಜ್ಯದಲ್ಲಿ ಬರೆಯೋಕೆ ಆದ ಹೆಸರು ನಮ್ಮಲ್ಲಿ ಬರೆಯೋಕೆ ಯಾಕೆ ಆಗಲ್ಲ?

ಇನ್ನೂ ಹತ್ತಿರದ ಕತೆ ಕೇಳಿ. ನಮ್ಮ ಬೀದರ್ ಗಡಿ ದಾಟಿದರೆ ಜಹೀರಾಬಾದ್, ಈಗ ತೆಲಂಗಾಣದಲ್ಲಿದೆ. ಅಲ್ಲಿನ ಹಳ್ಳಿಗಳಲ್ಲಿ ದಲಿತ ಹೆಂಗಸರ ಸಂಘಗಳಿವೆ. 1983ರಲ್ಲಿ ಶುರುವಾದ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ಜೊತೆ ಕಟ್ಟಿಕೊಂಡ ಸಂಘಗಳು. ಅವರಿಗೆ ಇದ್ದದ್ದು ಕಲ್ಲು, ಗೊರಸು, ಬೀಳುಬಿದ್ದ ಚೂರುಪಾರು ಭೂಮಿ. ಬಿತ್ತೋಕೆ ಹಣ ಇಲ್ಲ, ಹಾಗಾಗಿ ಬೇರೆಯವರ ಹೊಲಕ್ಕೆ ಕೂಲಿ. ಸೊಸೈಟಿ ಅಂಗಡಿಯಲ್ಲಿ ಎಲ್ಲಿಂದಲೋ ಬಂದ ಅಕ್ಕಿ. 1990ರ ದಶಕದ ನಡುವಿನಲ್ಲಿ ಆ ಹೆಂಗಸರು ಒಂದು ಲೆಕ್ಕ ಹಾಕಿದರು. ಅಕ್ಕಿಯನ್ನು ದೂರದಿಂದ ತಂದು ಹಂಚೋಕೆ ಸರ್ಕಾರ ಖರ್ಚು ಮಾಡುತ್ತೆ. ಆ ಹಣವನ್ನು ನಮ್ಮ ಬೀಳುಭೂಮಿಗೆ ಹಾಕಿದರೆ? ಕೇಂದ್ರದ ಗ್ರಾಮೀಣಾಭಿವೃದ್ಧಿ ಇಲಾಖೆಯ ನೆರವು ಬಂತು. ಉಳುಮೆಗೆ, ತಿಪ್ಪೆ ಗೊಬ್ಬರಕ್ಕೆ, ಬೀಜಕ್ಕೆ ಮುಂಗಡ ಕೊಟ್ಟರು. ಸಾಲ ತೀರಿಸೋದು ರೂಪಾಯಿಯಲ್ಲಲ್ಲ, ಜೋಳದಲ್ಲಿ, ಕೆಲವು ವರ್ಷಗಳ ಕಂತಿನಲ್ಲಿ. ಆ ಜೋಳ ಊರಲ್ಲೇ ಶೇಖರವಾಗಿ, ಹಸಿದ ತಿಂಗಳುಗಳಲ್ಲಿ ಅದೇ ಊರಿನ ಬಡವರ ಮನೆಗೆ ಕಡಿಮೆ ಬೆಲೆಗೆ ಹೋಯಿತು. ಯಾರು ಬಡವರು ಅಂತ ಪಟ್ಟಿ ಮಾಡಿದ್ದೂ ಊರವರೇ.

ಒಂದೇ ಹಣ ಎಷ್ಟು ಕೆಲಸ ಮಾಡಿತು ನೋಡಿ. ಬೀಳುಭೂಮಿ ಹಸಿರಾಯಿತು, ಹೆಂಗಸರಿಗೆ ಅವರ ಹೊಲದಲ್ಲೇ ಕೂಲಿ ಸಿಕ್ಕಿತು, ಮನೆಗೆ ಕಾಳು ಬಂತು, ದನಕ್ಕೆ ಮೇವಾಯಿತು. ಜೋಳದ ಜೊತೆ ತೊಗರಿ, ನವಣೆ, ಅಲಸಂದೆ ಎಲ್ಲ ಕಲೆಸಿ ಬಿತ್ತೋ ಬೇಸಾಯ ಉಳಿಯಿತು. ನಮ್ಮ ಕಡೆ ಅಕ್ಕಡಿ ಸಾಲು ಅಂತೀವಲ್ಲ, ರಾಗಿಯ ನಡುವೆ ಅವರೆ, ತೊಗರಿ, ಹುಚ್ಚೆಳ್ಳು, ಅಂಥದ್ದೇ. ಒಂದು ಹೋದರೆ ಇನ್ನೊಂದು ಕೈ ಹಿಡಿಯುತ್ತೆ. ಕಾಳಿನ ಗಿಡದ ಬೇರು ಗಾಳಿಯಲ್ಲಿರೋ ಸಾರಜನಕವನ್ನು ಮಣ್ಣಿಗೆ ತರುತ್ತೆ, ಯೂರಿಯಾ ಮಾಡೋ ಕೆಲಸವನ್ನು ಪುಕ್ಕಟೆ ಮಾಡುತ್ತೆ. 2019ರಲ್ಲಿ ಈ ಸಂಸ್ಥೆಗೆ ವಿಶ್ವಸಂಸ್ಥೆಯ ಈಕ್ವೇಟರ್ ಪ್ರಶಸ್ತಿ ಬಂತು. ಊರು ಯಾರನ್ನು ಏನೂ ಬಾರದವರು ಅಂದಿತ್ತೋ ಅವರೇ ಬೀಜದ ಒಡತಿಯರಾದರು. ಪ್ರಶಸ್ತಿಗಿಂತ ನಮಗೆ ಅದು ದೊಡ್ಡದು.

ಎರಡು ಎಚ್ಚರಿಕೆಯ ಮಾತು ಹೇಳ್ತೀವಿ.

ಒಂದು, ಇದು ರಾತ್ರೋರಾತ್ರಿ ಆಗೋ ಕೆಲಸ ಅಲ್ಲ. 2021ರಲ್ಲಿ ಶ್ರೀಲಂಕಾದ ಸರ್ಕಾರ ರಸಗೊಬ್ಬರದ ಆಮದನ್ನು ಒಂದೇ ಏಟಿಗೆ ನಿಲ್ಲಿಸಿತು. ತಯಾರಿ ಇಲ್ಲ, ಬದಲಿ ಗೊಬ್ಬರ ಇಲ್ಲ. ಭತ್ತ, ಚಹಾ ಎರಡೂ ಬಿದ್ದವು, ಅಕ್ಕಿಯ ಬೆಲೆ ಏರಿತು, ಅದೇ ವರ್ಷದೊಳಗೆ ಆದೇಶ ವಾಪಸು ತೆಗೆದುಕೊಳ್ಳಬೇಕಾಯಿತು. ಅಂಥ ಹುಚ್ಚಾಟದಲ್ಲಿ ಮೊದಲು ಹಸಿಯೋದು ಕೂಲಿಯವನ ಹೊಟ್ಟೆ. ರಾಸಾಯನಿಕ ಬಿಟ್ಟ ಮೊದಲ ಎರಡು ಮೂರು ವರ್ಷ ಎಷ್ಟೋ ಹೊಲದಲ್ಲಿ ಇಳುವರಿ ಕುಸಿಯುತ್ತೆ. ಸಹಾಯಧನ ನಿಜವಾಗಿ ಬೇಕಾದದ್ದು ಆ ವರ್ಷಗಳಲ್ಲಿ. 2015ರಲ್ಲಿ ಕೇಂದ್ರ ಸರ್ಕಾರ ಸಾವಯವಕ್ಕೆ ತಂದ ಪರಂಪರಾಗತ್ ಕೃಷಿ ವಿಕಾಸ ಯೋಜನೆ ಮೂರು ವರ್ಷದ ನೆರವು ಅಂತಲೇ ಇತ್ತು. 2024ರ ನವೆಂಬರಿನಲ್ಲಿ ಸಹಜ ಕೃಷಿಗೆ 2,481 ಕೋಟಿ ರೂಪಾಯಿಯ ರಾಷ್ಟ್ರೀಯ ಮಿಷನ್ ಒಪ್ಪಿದರು. ದಾರಿ ಸರಿ. ಆದರೆ ಲಕ್ಷ ಕೋಟಿಗಳಲ್ಲಿ ನಡೆಯೋ ಗೊಬ್ಬರದ ಲೆಕ್ಕದ ಮುಂದೆ ಎರಡೂವರೆ ಸಾವಿರ ಕೋಟಿ ಅಂದರೆ ಮದುವೆ ಊಟದ ಎಲೆಯ ತುದಿಗೆ ಬಡಿಸಿದ ಉಪ್ಪು.

ಎರಡನೆಯದು, ‘ಹಿಂದಿನ ಕಾಲದ ಬೇಸಾಯ ಎಷ್ಟು ಚೆನ್ನಾಗಿತ್ತು, ಅದಕ್ಕೇ ಹೋಗೋಣ’ ಅನ್ನೋರ ಮಾತು. ಹಿಂದಿನ ಕಾಲದಲ್ಲಿ ತಿಪ್ಪೆ ಹೊತ್ತವರು ಯಾರು, ಜೀತಕ್ಕಿದ್ದವರು ಯಾರು ಅಂತ ನಾವು ಮರೆತಿಲ್ಲ. ಸಾವಯವಕ್ಕೆ ಹೆಚ್ಚು ಕೈಕೆಲಸ ಬೇಕು. ಕಳೆ ಕೀಳಬೇಕು, ಗೊಬ್ಬರ ಹೊರಬೇಕು. ಆ ಕೆಲಸಕ್ಕೆ ನ್ಯಾಯವಾದ ಕೂಲಿ ಇಲ್ಲದಿದ್ದರೆ ಮಣ್ಣು ಶುದ್ಧವಾಗಿ, ಬದುಕು ಹಾಗೇ ಕೊಳೆಯುತ್ತೆ. ಬಾಬಾಸಾಹೇಬರು 1947ರಲ್ಲಿ ‘ರಾಜ್ಯಗಳು ಮತ್ತು ಅಲ್ಪಸಂಖ್ಯಾತರು’ ಬರೆದಾಗ ಭೂಮಿ ಸರ್ಕಾರದ್ದಾಗಿ, ಜಾತಿಭೇದ ಇಲ್ಲದೆ ಊರವರು ಒಟ್ಟಾಗಿ ಸಾಗುವಳಿ ಮಾಡಬೇಕು, ಅದಕ್ಕೆ ಬೇಕಾದ ನೀರು, ದನ, ಬೀಜ, ಗೊಬ್ಬರಕ್ಕೆ ಸರ್ಕಾರವೇ ಹಣ ಹಾಕಬೇಕು ಅಂದರು. ಹಣದ ಮಾತನ್ನೂ ಭೂಮಿಯ ಮಾತನ್ನೂ ಅವರು ಬೇರೆ ಬೇರೆ ಆಡಲಿಲ್ಲ. ನಾವೂ ಆಡಬಾರದು.

ಹಾಗಾದರೆ ನಮ್ಮ ಬೇಡಿಕೆ ಏನು?

ಮೊದಲನೆಯದು: ಗೊಬ್ಬರದ ಸಹಾಯಧನವನ್ನು ವರ್ಷ ವರ್ಷ ಸ್ವಲ್ಪ ಸ್ವಲ್ಪವಾಗಿ ಮೂಟೆಯಿಂದ ಮಣ್ಣಿಗೆ ತಿರುಗಿಸಿ. ಕೆರೆಗೋಡು ಹೊಡೆಯೋಕೆ, ಬದು ಹಾಕೋಕೆ, ಹೊಂಗೆ ನೆಡೋಕೆ, ತಿಪ್ಪೆ ಗೊಬ್ಬರಕ್ಕೆ ಹಣ ಕೊಡಿ. ಸಣ್ಣ ಹಿಡುವಳಿಯವರಿಗೆ ಮೊದಲು ಕೊಡಿ, ಬದಲಾವಣೆಯ ಮೂರು ವರ್ಷ ಕೈಬಿಡಬೇಡಿ.

ಎರಡನೆಯದು: ಬೆಳೆದದ್ದನ್ನು ಕೊಳ್ಳಿ. ರಾಗಿ, ಜೋಳದ ಜೊತೆ ನವಣೆ, ಸಾಮೆಗೂ ಬೆಲೆ ಕಟ್ಟಿ. ಅಂಗನವಾಡಿಗೆ, ಶಾಲೆಯ ಬಿಸಿಯೂಟಕ್ಕೆ, ನಮ್ಮ ಹಾಸ್ಟೆಲ್ಲುಗಳಿಗೆ ಆಯಾ ತಾಲ್ಲೂಕಿನ ಸಣ್ಣ ರೈತರಿಂದ, ಹೆಂಗಸರ ಸಂಘಗಳಿಂದ ನೇರವಾಗಿ ಕೊಳ್ಳಿ.

ಮೂರನೆಯದು: ಪಹಣಿಯಲ್ಲಿ ಹೆಸರಿದ್ದವನಿಗಲ್ಲ, ಬಿತ್ತಿದವನಿಗೆ ಕೊಡಿ. ವಾರಕ್ಕೆ ಮಾಡೋರನ್ನು, ಕೂಲಿಯವರನ್ನು ಗ್ರಾಮಸಭೆಯಲ್ಲಿ ಗುರುತಿಸಿ ಬರೆದುಕೊಳ್ಳಿ. ಎಕರೆ ಲೆಕ್ಕದ ಹಣದಲ್ಲಿ ದುಡಿದವರ ಪಾಲು ಇಂತಿಷ್ಟು ಅಂತ ನಿಗದಿ ಮಾಡಿ.

ನಾಲ್ಕನೆಯದು: 1978ರ ಪಿ.ಟಿ.ಸಿ.ಎಲ್. ಕಾಯ್ದೆಯಡಿ ನಮಗೆ ವಾಪಸು ಬರೋ ಭೂಮಿ, ಭೂ ಒಡೆತನ ಯೋಜನೆಯಲ್ಲಿ ಭೂಹೀನ ಹೆಂಗಸರಿಗೆ ಕೊಡಿಸೋ ಭೂಮಿ ಬರೀ ಕಾಗದದಲ್ಲಿ ಬಂದರೆ ಸಾಲದು. ಕೈಯಲ್ಲಿ ಕಾಸಿಲ್ಲದೆ ಬೀಳುಬಿದ್ದರೆ ಅದು ಮತ್ತೆ ಬೇರೆಯವರ ಪಾಲಾಗುತ್ತೆ. ಭೂಮಿಯ ಜೊತೆಗೇ ಜಹೀರಾಬಾದಿನ ರೀತಿ ಉಳುಮೆ, ಬೀಜ, ಗೊಬ್ಬರದ ಮುಂಗಡ ಬರಲಿ. 2013ರ ಪರಿಶಿಷ್ಟ ಜಾತಿ ಉಪಯೋಜನೆ ಕಾಯ್ದೆಯ ಹಣ ಇರೋದೇ ಇಂಥದ್ದಕ್ಕೆ.

ಬೇಡಿಕೆ ಸರ್ಕಾರಕ್ಕೆ. ಕೆಲಸ ನಮಗೂ ಇದೆ, ತಮ್ಮಂದಿರೇ, ತಂಗಿಯರೇ. ಈ ರಜೆಯಲ್ಲಿ ಊರಿಗೆ ಹೋಗ್ತೀರಿ. ನಾಲ್ಕು ಅಕ್ಷರ ಕಲಿತ ನಾವು ಮಾಡಬೇಕಾದದ್ದು ಇಷ್ಟು. ಕೇರಿಯ ಒಂದೊಂದು ಮನೆಗೂ ಹೋಗಿ ಪಹಣಿ ಯಾರ ಹೆಸರಲ್ಲಿದೆ ನೋಡಿ. ಸತ್ತ ತಾತನ ಹೆಸರಲ್ಲಿದ್ದರೆ ಪೌತಿ ಖಾತೆಗೆ ಅರ್ಜಿ ಬರೆದುಕೊಡಿ. ರೈತ ಸಂಪರ್ಕ ಕೇಂದ್ರಕ್ಕೆ ಹೋಗಿ ನಿಮ್ಮೂರಲ್ಲಿ ಯಾವ ಸಹಾಯಧನ ಯಾರಿಗೆ ಬಂದಿದೆ ಅಂತ ಪಟ್ಟಿ ಕೇಳಿ. ಕೊಡದಿದ್ದರೆ ಮಾಹಿತಿ ಹಕ್ಕಿನಲ್ಲಿ ಕೇಳಿ. ಅಜ್ಜಿಯರ ಹತ್ತಿರ ಕೂತು ಯಾವ ಬೀಜ ಯಾವ ಮಳೆಗೆ ಬಿತ್ತುತ್ತಿದ್ದರು ಅಂತ ಬರೆದಿಟ್ಟುಕೊಳ್ಳಿ. ಆ ವಿದ್ಯೆ ಅವರ ಜೊತೆ ಮಣ್ಣಾಗೋ ಮುಂಚೆ ಬರೆದಿಡಿ. ಹಾಸ್ಟೆಲ್ಲಿಗೆ ವಾಪಸು ಬಂದ ಮೇಲೆ ಊಟದ ಸಮಿತಿಯಲ್ಲಿ ಕೇಳಿ: ನಮ್ಮ ತಟ್ಟೆಗೆ ಬೀಳೋ ಕಾಳು ಯಾರಿಂದ ಕೊಂಡದ್ದು? ನಮ್ಮ ತಾಲ್ಲೂಕಿನ ಹೆಂಗಸರ ಸಂಘದಿಂದ ಯಾಕೆ ಕೊಳ್ಳಬಾರದು?

ನಿನ್ನೆ ರಾತ್ರಿ ಕೇಳಿದ ತಮ್ಮನಿಗೆ ಇದು ನಮ್ಮ ಉತ್ತರ. ಭೂಮಿ ಇಲ್ಲದವರು ಸಹಾಯಧನದ ಮಾತಾಡದಿದ್ದರೆ, ಆ ಮಾತನ್ನು ಮೂಟೆ ಮಾಡೋ ಕಾರ್ಖಾನೆಯವರು, ಮೂಟೆ ಮಾರೋ ಅಂಗಡಿಯವರು, ಮೂಟೆ ಕೊಳ್ಳೋ ಶಕ್ತಿ ಇದ್ದವರು ಮಾತ್ರ ಆಡ್ತಾರೆ. ನಮಗೆ ಖಾಲಿ ಚೀಲ ಎಸೀತಾರೆ.

ನಮ್ಮ ಅಪ್ಪಂದಿರು ಆ ಚೀಲವನ್ನು ಗೊಪ್ಪೆ ಮಾಡಿಕೊಂಡು ಮಳೆಯಲ್ಲಿ ನಿಂತರು. ನಾವು ಅದರಲ್ಲಿ ಪುಸ್ತಕ ತುಂಬಿಕೊಂಡು ಇಲ್ಲಿ ತನಕ ಬಂದೆವು. ಇನ್ನು ಮೇಲೆ ಅದರಲ್ಲಿ ನಮ್ಮದೇ ಹೊಲದ ರಾಗಿ ತುಂಬಬೇಕು. ವಿಷ ಇಲ್ಲದ ರಾಗಿ. ಅದಕ್ಕೆ ಬೇಕಾದ ಹಣ ಸರ್ಕಾರದ ಹತ್ತಿರ ಇದೆ, ಅದು ನಮ್ಮ ಹಣವೂ ಹೌದು. ಕೇಳಿ ತೆಗೆದುಕೊಳ್ಳೋಣ.

 ಜೈ ಭೀಮ್.